ಡೆಂಗಿ ಎರಡನೇ ಸಲ ಬಂದರೆ ಅಪಾಯವಾ? ಮನೆಯಲ್ಲಿ ಯಾರ ಮೇಲೆ ಜಾಸ್ತಿ ಕಣ್ಣಿಡಬೇಕು?

ಪ್ರಶ್ನೆ: ನಮ್ಮ ಮನೆ ಸುರತ್ಕಲ್ ಹತ್ತಿರ. ಎರಡು ವರ್ಷದ ಹಿಂದೆ ನನಗೂ ಮಗನಿಗೂ ಡೆಂಗಿ ಬಂದಿತ್ತು, ಅಡ್ಮಿಟ್ ಆಗದೆಯೇ ಗುಣವಾಯಿತು. ಈ ಮಳೆಗಾಲ ಅಕ್ಕಪಕ್ಕದ ಮನೆಗಳಲ್ಲಿ ಮತ್ತೆ ಶುರುವಾಗಿದೆ. ಎರಡನೇ ಸಲ ಬಂದರೆ ಉಳಿಯುವುದು ಕಷ್ಟ ಅಂತ ಎಲ್ಲರೂ ಹೇಳುತ್ತಾರೆ, ಹೌದಾ ಡಾಕ್ಟ್ರೇ? ಮಗನಿಗೆ 10 ವರ್ಷ, ಸ್ವಲ್ಪ ದಪ್ಪ ಇದ್ದಾನೆ. ಅತ್ತೆಗೆ 68, ಶುಗರ್, ಬಿಪಿ ಎರಡೂ ಇದೆ, ಹಾರ್ಟಿಗೆ ಆಸ್ಪಿರಿನ್ ತಗೊಳ್ಳುತ್ತಾರೆ. ಅವರಿಗೆ ಇದುವರೆಗೆ ಡೆಂಗಿ ಬಂದಿಲ್ಲ. ತಮ್ಮನ ಹೆಂಡತಿ ಹೆಬ್ರಿ ಕಡೆ ಒಳಗಿನ ಊರಲ್ಲಿದ್ದಾಳೆ, ಈಗ ಏಳು ತಿಂಗಳು. ಪ್ಲೇಟ್‌ಲೆಟ್ ಎಷ್ಟಕ್ಕೆ ಇಳಿದರೆ ಅಡ್ಮಿಟ್ ಮಾಡಬೇಕು?

ಉತ್ತರ: ಎರಡನೇ ಸಲ ಬಂದರೆ ಉಳಿಯುವುದಿಲ್ಲ ಅನ್ನುವುದು ಸುಳ್ಳು. ಎರಡನೇ ಸಲ ಬಂದಾಗ ಕಾಯಿಲೆ ಜೋರಾಗುವ ಸಾಧ್ಯತೆ ಮೊದಲ ಸಲಕ್ಕಿಂತ ಜಾಸ್ತಿ ಅನ್ನುವುದು ನಿಜ. ಈ ಎರಡು ಮಾತಿನ ನಡುವೆ ತುಂಬಾ ಅಂತರ ಇದೆ. ಎರಡನೇ ಸಲ ಬಂದವರಲ್ಲೂ ಹೆಚ್ಚಿನವರು ಗಂಜಿ ಕುಡಿದುಕೊಂಡು, ಮಲಗಿಕೊಂಡು, ಒಂದು ವಾರದಲ್ಲಿ ಎದ್ದು ಓಡಾಡುತ್ತಾರೆ. ನೀವು ಬರೆದ ನಾಲ್ಕು ಜನರಲ್ಲಿ ನನಗೆ ಮೊದಲು ಚಿಂತೆ ಆಗುವುದು ನಿಮ್ಮ ಅತ್ತೆಯದು, ಆಮೇಲೆ ತಮ್ಮನ ಹೆಂಡತಿಯದು, ಆಮೇಲೆ ಮಗನದು. ನಿಮ್ಮದು ಕೊನೆಗೆ. ಯಾಕೆ ಅಂತ ಹೇಳುತ್ತೇನೆ. ಆದರೆ ಯಾರಿಗೆ ಅಪಾಯ ಅನ್ನುವುದಕ್ಕಿಂತ ಯಾವ ದಿನ ಅಪಾಯ ಅನ್ನುವುದು ಜೀವ ಉಳಿಸುತ್ತದೆ. ಅದನ್ನೂ ಬಿಡಿಸಿ ಹೇಳಬೇಕು, ಹಾಗಾಗಿ ಉತ್ತರ ಉದ್ದವಾಗುತ್ತದೆ.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ವಿಧ ಇದೆ. ಒಂದು ವಿಧ ಬಂದು ಹೋದರೆ ಅದೇ ವಿಧ ಮತ್ತೆ ಕಾಡುವುದಿಲ್ಲ. ಉಳಿದ ಮೂರರಿಂದಲೂ ಕೆಲವು ತಿಂಗಳು ರಕ್ಷಣೆ ಸಿಗುತ್ತದೆ, ಆಮೇಲೆ ಅದು ಕರಗಿ ಹೋಗುತ್ತದೆ. ತೊಂದರೆ ಇರುವುದು ಇಲ್ಲಿ. ಮೊದಲ ಸಲ ದೇಹದಲ್ಲಿ ತಯಾರಾದ ಪ್ರತಿಕಾಯಗಳು (ವೈರಸ್ಸನ್ನು ಹಿಡಿಯಲು ದೇಹ ಮಾಡುವ ರಕ್ಷಣಾ ಪ್ರೋಟೀನುಗಳು) ಹೊಸ ವಿಧದ ವೈರಸ್ಸಿಗೂ ಹೋಗಿ ಅಂಟಿಕೊಳ್ಳುತ್ತವೆ, ಆದರೆ ಅದನ್ನು ಮುಗಿಸುವಷ್ಟು ಬಲ ಅವಕ್ಕೆ ಇರುವುದಿಲ್ಲ. ಹಾಗೆ ಅರ್ಧಂಬರ್ಧ ಹಿಡಿದ ವೈರಸ್ಸನ್ನು ನಮ್ಮದೇ ಬಿಳಿ ರಕ್ತಕಣಗಳು ಸುಲಭವಾಗಿ ಒಳಗೆ ಎಳೆದುಕೊಳ್ಳುತ್ತವೆ, ಅದು ಅಲ್ಲಿ ಕೂತು ಇನ್ನೂ ಜೋರಾಗಿ ಬೆಳೆಯುತ್ತದೆ. ಅದನ್ನು ಎದುರಿಸಲು ದೇಹ ಮಾಡುವ ಗಲಾಟೆಯೂ ಅಷ್ಟೇ ಜೋರು. ಕಾಯಿಲೆ ತೀವ್ರವಾಗುವುದು ಹೆಚ್ಚಾಗಿ ಆ ಗಲಾಟೆಯಿಂದ.

ಇದು ಬರೀ ಲ್ಯಾಬಿನ ಮಾತಲ್ಲ, ಕ್ಯೂಬಾ ದೇಶದಲ್ಲಿ ಕಣ್ಣಾರೆ ಕಂಡದ್ದು. 1977ರಲ್ಲಿ ಅಲ್ಲಿ ಒಂದನೇ ವಿಧದ ಡೆಂಗಿ ಹರಡಿತು, ಹೆಚ್ಚಿನವರಿಗೆ ಸಾಧಾರಣ ಜ್ವರ ಬಂದು ಹೋಯಿತು. 1981ರಲ್ಲಿ ಎರಡನೇ ವಿಧ ಬಂದಾಗ 158 ಜನ ತೀರಿಕೊಂಡರು, ಅದರಲ್ಲಿ 101 ಮಕ್ಕಳು. ಮತ್ತೆ 1997ರಲ್ಲಿ ಸಾಂಟಿಯಾಗೊ ಅನ್ನುವ ಊರಿಗೆ ಎರಡನೇ ವಿಧವೇ ಬಂತು. ಈ ಸಲ ಕಾಯಿಲೆ ಜೋರಾದದ್ದು ದೊಡ್ಡವರಿಗೆ. 1977ರ ಹೊತ್ತಿಗೆ ಒಂದನೇ ವಿಧ ಬಂದವರು ಅವರೇ, ಆಮೇಲೆ ಹುಟ್ಟಿದ ಮಕ್ಕಳಿಗೆ ಅದು ಮೊದಲ ಸೋಂಕು. ಅಂದರೆ ಹಳೆಯ ಸೋಂಕಿನ ನೆನಪು ದೇಹದಲ್ಲಿ 20 ವರ್ಷ ಆದರೂ ಉಳಿದಿತ್ತು. ಹಾಗಾಗಿ ‘ನನಗೆ ಬಂದದ್ದು ಯಾವ ಕಾಲದಲ್ಲೋ, ಈಗ ಲೆಕ್ಕಕ್ಕಿಲ್ಲ’ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ.

ಈಗ ನಿಮ್ಮ ಅತ್ತೆಗೆ ‘ಇದುವರೆಗೆ ಬಂದಿಲ್ಲ’ ಅನ್ನುವ ಮಾತಿಗೆ ಬರೋಣ. ಡೆಂಗಿ ಸೋಂಕು ತಗಲಿದವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಜನಕ್ಕೆ ಗೊತ್ತೇ ಆಗುವುದಿಲ್ಲ. ಜ್ವರ ಬರುವುದಿಲ್ಲ, ಬಂದರೂ ಒಂದು ದಿನ ಮೈಕೈ ನೋವು ಅಂತ ಸುಮ್ಮನಾಗುತ್ತಾರೆ. 2017-18ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ದೇಶದಲ್ಲಿ 5ರಿಂದ 45 ವರ್ಷದವರ ರಕ್ತ ಪರೀಕ್ಷೆ ಮಾಡಿಸಿತು. ದಕ್ಷಿಣ ರಾಜ್ಯಗಳಲ್ಲಿ 100ರಲ್ಲಿ ಸುಮಾರು 77 ಜನರಿಗೆ ಒಮ್ಮೆಯಾದರೂ ಡೆಂಗಿ ತಗಲಿದ ಗುರುತು ಸಿಕ್ಕಿತು. ಇಷ್ಟು ವರ್ಷ ಇದೇ ಕರಾವಳಿಯಲ್ಲಿ ಬಾಳಿದ ನಿಮ್ಮ ಅತ್ತೆಗೆ ಒಮ್ಮೆಯೂ ಆಗಿಲ್ಲ ಅಂತ ನಾನಂತೂ ನಂಬುವುದಿಲ್ಲ. ಹಾಗಾಗಿ ಇದು ಮೊದಲನೆಯದಾ ಎರಡನೆಯದಾ ಅಂತ ಬೆರಳು ಮಡಚಿ ಎಣಿಸುವುದರಿಂದ ಮನೆಮಂದಿಗೆ ಉಪಯೋಗ ಕಡಿಮೆ. ಜ್ವರದ ಮೊದಲ ದಿನಗಳಲ್ಲೇ ಐಜಿಜಿ (ಹಳೆಯ ಸೋಂಕಿನಿಂದ ಉಳಿದ ಪ್ರತಿಕಾಯ) ಪಾಸಿಟಿವ್ ಅಂತ ರಿಪೋರ್ಟ್ ಬಂದರೆ ಇದು ಎರಡನೆಯದಿರಬಹುದು ಅಂತ ನಾವು ಊಹಿಸುತ್ತೇವೆ, ಆ ರೋಗಿಯನ್ನು ಸ್ವಲ್ಪ ಹತ್ತಿರದಿಂದ ನೋಡುತ್ತೇವೆ, ಅಷ್ಟೇ.

ಡೆಂಗಿಯಲ್ಲಿ ಜೀವಕ್ಕೆ ಅಪಾಯ ತರುವುದು ಏನು? ಹೆಚ್ಚಿನವರು ರಕ್ತಸ್ರಾವ ಅಂತಾರೆ, ರಕ್ತ ಹೆಪ್ಪುಗಟ್ಟಲು ಬೇಕಾದ ಕಣ ಪ್ಲೇಟ್‌ಲೆಟ್ ಅಂತಾರೆ. ಹೆಚ್ಚಾಗಿ ಕೊಲ್ಲುವುದು ಸೋರಿಕೆ. ಸಣ್ಣ ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ ರಕ್ತದಲ್ಲಿನ ನೀರಿನ ಅಂಶ ಹೊಟ್ಟೆಗೆ, ಎದೆಗೂಡಿಗೆ ಸೋರುತ್ತದೆ. ಹೊರಗೆ ಒಂದು ಹನಿ ರಕ್ತ ಕಾಣುವುದಿಲ್ಲ. ಒಳಗೆ ಉಳಿದ ರಕ್ತ ದಪ್ಪವಾಗುತ್ತದೆ, ಬಿಪಿ ಕುಸಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಈ ಸೋರಿಕೆ ಇರುವುದು 24ರಿಂದ 48 ಗಂಟೆ ಮಾತ್ರ, ಆಮೇಲೆ ತಾನಾಗಿ ನಿಲ್ಲುತ್ತದೆ. ಆ ಎರಡು ದಿನ ರೋಗಿಯನ್ನು ದಾಟಿಸಿದರೆ ಮುಗಿಯಿತು, ವೈರಸ್ಸಿಗೆ ಅಂತ ಬೇರೆ ಮದ್ದು ಇಲ್ಲ, ಬೇಕಾಗುವುದೂ ಇಲ್ಲ.

ಆ ಎರಡು ದಿನ ಯಾವಾಗ ಬರುತ್ತದೆ ಗೊತ್ತಾ? ಜ್ವರ ಬಿಡುವಾಗ. ಶುರುವಾದ ಮೂರನೇ ದಿನದಿಂದ ಏಳನೇ ದಿನದ ಒಳಗೆ ಜ್ವರ ಇಳಿಯುತ್ತದೆ, ಮನೆಯವರು ‘ಅಬ್ಬ, ಬಿಟ್ಟಿತು’ ಅಂತ ಉಸಿರು ಬಿಡುತ್ತಾರೆ, ಮಗುವನ್ನು ಶಾಲೆಗೆ ಕಳಿಸುತ್ತಾರೆ, ಗಂಡಸರು ಕೆಲಸಕ್ಕೆ ಹೊರಡುತ್ತಾರೆ. ಸೋರಿಕೆ ಶುರುವಾಗುವುದು ಸರಿಯಾಗಿ ಆ ಹೊತ್ತಿಗೆ. ಇದು ನನಗೆ ತುಂಬಾ ಸಂಕಟ ಕೊಡುವ ವಿಷಯ, ಯಾಕೆಂದರೆ ಐದನೇ ದಿನ ತಣ್ಣಗಿನ ಕೈಕಾಲು ಇಟ್ಟುಕೊಂಡು ಕ್ಯಾಶುವಾಲ್ಟಿಗೆ ಬರುವವರ ಮನೆಯವರು ಪ್ರತಿ ಸಲ ಹೇಳುವುದು ಒಂದೇ ಮಾತು: ‘ನಿನ್ನೆಯೇ ಜ್ವರ ಬಿಟ್ಟಿತ್ತಲ್ಲ ಡಾಕ್ಟ್ರೇ.’ ದಯವಿಟ್ಟು ಜ್ವರ ಶುರುವಾದ ತಾರೀಕನ್ನು ಕ್ಯಾಲೆಂಡರಿನಲ್ಲಿ ಬರೆದಿಡಿ. ಜ್ವರ ಬಿಟ್ಟು ಎರಡು ದಿನ ಆಗುವವರೆಗೆ ಯಾರನ್ನೂ ‘ಗುಣವಾಯಿತು’ ಅಂತ ಬಿಡಬೇಡಿ.

ಇನ್ನು ಒಬ್ಬೊಬ್ಬರದು. ನಿಮ್ಮ ಅತ್ತೆಯನ್ನು ಮೊದಲು ಇಟ್ಟದ್ದಕ್ಕೆ ಕಾರಣ ಒಂದಲ್ಲ. 65 ದಾಟಿದವರಿಗೆ ಡೆಂಗಿ ಬಂದರೆ ಜ್ವರವೇ ಕಡಿಮೆ ಇರಬಹುದು, ಬರೀ ಸುಸ್ತು, ಊಟ ಬೇಡ, ತಲೆ ತಿರುಗುವುದು, ಹಾಗಾಗಿ ಗುರುತಿಸುವುದೇ ತಡ. ಶುಗರ್ ಇರುವವರಲ್ಲಿ ರಕ್ತನಾಳಗಳ ಗೋಡೆ ಮೊದಲೇ ಸೊರಗಿರುತ್ತದೆ. ಜ್ವರದಲ್ಲಿ ಶುಗರ್ ಮೇಲೂ ಹೋಗಬಹುದು, ಏನೂ ತಿನ್ನದೆ ಎಂದಿನ ಮಾತ್ರೆ ನುಂಗಿದರೆ ಏಕಾಏಕಿ ಕೆಳಗೂ ಬೀಳಬಹುದು, ಆದ್ದರಿಂದ ಗ್ಲುಕೋಮೀಟರಿನಲ್ಲಿ ದಿನಕ್ಕೆ ಮೂರು ನಾಲ್ಕು ಸಲ ನೋಡಿ. ಬಿಪಿಯ ವಿಷಯ ಇನ್ನೂ ಸೂಕ್ಷ್ಮ. ಯಾವಾಗಲೂ 150 ಇರುವವರಿಗೆ 110 ಬಂದರೆ ‘ನಾರ್ಮಲ್ ಆಯಿತು’ ಅಂತ ಖುಷಿ ಪಡುವವರಿದ್ದಾರೆ. ಅವರ ಮಟ್ಟಿಗೆ ಅದು ಕುಸಿತ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ನಾಡಿ ವೇಗವಾಗದಂತೆ ತಡೆಯುತ್ತವೆ, ಹಾಗಾಗಿ ಸೋರಿಕೆ ಶುರುವಾದರೂ ನಾಡಿ ನೋಡಿ ತಿಳಿಯುವುದಿಲ್ಲ. ಅವರ ಮಾತ್ರೆಗಳ ಚೀಟಿಯನ್ನು ಮರೆಯದೆ ಡಾಕ್ಟರಿಗೆ ತೋರಿಸಿ.

ಆಸ್ಪಿರಿನ್ ಡೆಂಗಿಯಲ್ಲಿ ರಕ್ತಸ್ರಾವ ಹೆಚ್ಚಿಸುತ್ತದೆ. ಹಾಗಂತ ನೀವೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿಸಿಕೊಂಡವರು ಸಡನ್ನಾಗಿ ನಿಲ್ಲಿಸಿದರೆ ಹೃದಯಕ್ಕೇ ಪೆಟ್ಟು. ಜ್ವರ ಬಂದ ದಿನವೇ ಹಾರ್ಟಿನ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅವರು ಪ್ಲೇಟ್‌ಲೆಟ್ ನೋಡಿಕೊಂಡು ತೀರ್ಮಾನಿಸುತ್ತಾರೆ. ಇನ್ನೊಂದು: ಹೃದಯ, ಕಿಡ್ನಿ ದುರ್ಬಲ ಇದ್ದವರಿಗೆ ಡ್ರಿಪ್ ಜಾಸ್ತಿಯಾದರೂ ಕಷ್ಟ. ಸೋರಿಕೆ ನಿಂತ ಮೇಲೆ ಹೊರಗೆ ಹೋದ ನೀರೆಲ್ಲ ರಕ್ತನಾಳಕ್ಕೆ ವಾಪಸ್ ಬರುತ್ತದೆ, ಆಗಲೂ ಬಾಟಲಿ ಮೇಲೆ ಬಾಟಲಿ ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ‘ಒಂದು ಗ್ಲುಕೋಸ್ ಹಾಕಿಬಿಡಿ, ಶಕ್ತಿ ಬರ್ತದೆ’ ಅಂತ ಒತ್ತಾಯ ಮಾಡಬೇಡಿ. ಕಿಡ್ನಿ ತೊಂದರೆ ಇದ್ದರೆ ಬೊಂಡ ಕೂಡ ಕೇಳಿಯೇ ಕೊಡಿ, ಅದರಲ್ಲಿ ಪೊಟಾಶಿಯಂ ಜಾಸ್ತಿ. ಒಟ್ಟಿನಲ್ಲಿ ಅತ್ತೆಗೆ ಡೆಂಗಿ ಅಂತ ರಿಪೋರ್ಟ್ ಬಂದರೆ ಅವರು ಚೆನ್ನಾಗೇ ಕಂಡರೂ ಒಳರೋಗಿಯಾಗಿ ಸೇರಿಸುವುದೇ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಮಗನ ವಿಷಯ. ಮಕ್ಕಳ ರಕ್ತನಾಳ ದೊಡ್ಡವರದಕ್ಕಿಂತ ಬೇಗ ಸೋರುತ್ತದೆ. ತೂಕ ಜಾಸ್ತಿ ಇರುವ ಮಕ್ಕಳಲ್ಲಿ ಡೆಂಗಿ ಜೋರಾಗುವುದು ಹೆಚ್ಚು ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಅವನಿಗೆ ಒಮ್ಮೆ ಬಂದು ಎರಡು ವರ್ಷವೂ ಆಗಿದೆ. ಹೆದರಿಸಲು ಹೇಳುತ್ತಿಲ್ಲ, ಆದರೆ ಅವನಿಗೆ ಜ್ವರ ಬಂದರೆ ಎರಡು ದಿನ ಕಾಯುವುದು ಬೇಡ, ಮೊದಲ ದಿನವೇ ತೋರಿಸಿ. ಮಕ್ಕಳಲ್ಲಿ ಒಂದು ಮೋಸ ಇದೆ. ಸೋರಿಕೆ ಆಗುವಾಗ ಮೇಲಿನ ಬಿಪಿ ಕೊನೆಯವರೆಗೆ ಹಾಗೇ ನಿಂತಿರುತ್ತದೆ, ಕೆಳಗಿನದು ಮಾತ್ರ ಏರುತ್ತಾ ಹೋಗುತ್ತದೆ. 100/80 ಅಂತ ಬರೆದಿದ್ದರೆ ನೋಡಿದವರು ಸರಿ ಇದೆ ಅಂದುಕೊಳ್ಳಬಹುದು, ಆದರೆ ನಡುವಿನ ಅಂತರ 20ಕ್ಕೆ ಬಂತು ಅಂದರೆ ಅದು ಶಾಕ್, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ಹೋಗದ ಸ್ಥಿತಿ. ಮನೆಯಲ್ಲಿ ಬಿಪಿ ನೋಡಲು ಆಗದಿದ್ದರೆ ಕೈಬೆರಳು, ಪಾದ ಮುಟ್ಟಿ ನೋಡಿ. ಮೈ ಬೆಚ್ಚಗಿದ್ದು ಪಾದ ತಣ್ಣಗಾಗಿ ಬೆವರುತ್ತಿದ್ದರೆ ಕಾಯಬೇಡಿ. ಆರು ಗಂಟೆ ಮೂತ್ರ ಮಾಡದಿದ್ದರೂ ಅಷ್ಟೇ.

ತಮ್ಮನ ಹೆಂಡತಿ. ಬಸುರಿಯರಲ್ಲಿ ರಕ್ತ ಸಹಜವಾಗಿಯೇ ಸ್ವಲ್ಪ ತೆಳ್ಳಗಿರುತ್ತದೆ, ನಾಡಿ ವೇಗವಾಗಿರುತ್ತದೆ, ಬಿಪಿ ಕೆಳಗಿರುತ್ತದೆ. ಸೋರಿಕೆಯನ್ನು ಪತ್ತೆ ಮಾಡಲು ನಾವು ನೋಡುವ ಗುರುತುಗಳೆಲ್ಲ ಅದರಲ್ಲೇ ಮುಚ್ಚಿಹೋಗುತ್ತವೆ. ಅವಧಿಗೆ ಮೊದಲೇ ಹೆರಿಗೆ ಆಗುವ ಸಾಧ್ಯತೆ ಇದೆ, ಡೆಂಗಿ ಇರುವಾಗಲೇ ಹೆರಿಗೆ ಆದರೆ ರಕ್ತಸ್ರಾವ ಜಾಸ್ತಿಯಾಗಬಹುದು, ಮಗುವಿಗೂ ಸೋಂಕು ದಾಟಬಹುದು. ಹಾಗಾಗಿ ಬಸುರಿಗೆ ಡೆಂಗಿ ಅಂದರೆ ಹೆರಿಗೆ ಡಾಕ್ಟರು, ಮಕ್ಕಳ ಡಾಕ್ಟರು, ರಕ್ತನಿಧಿ ಮೂರೂ ಇರುವ ಕಡೆ ಅಡ್ಮಿಟ್ ಆಗಬೇಕು. ಮಗು ಹುಟ್ಟಿದ ಮೇಲೂ ಒಂದು ವಿಷಯ ನೆನಪಿರಲಿ. ಒಮ್ಮೆ ಡೆಂಗಿ ಬಂದ ತಾಯಿಯ ಪ್ರತಿಕಾಯ ಮಗುವಿಗೆ ದಾಟುತ್ತದೆ, ಮೊದಲ ಕೆಲವು ತಿಂಗಳು ಅದು ಕಾಪಾಡುತ್ತದೆ, ಆರನೇ ತಿಂಗಳ ಆಸುಪಾಸು ಅದು ಕಡಿಮೆಯಾದಾಗ ಎರಡನೇ ಸೋಂಕಿನಲ್ಲಿ ಆಗುವ ತೊಂದರೆಯೇ ಮಗುವಿಗೆ ಮೊದಲ ಸೋಂಕಿನಲ್ಲಿ ಆಗಬಹುದು. ಒಂದು ವರ್ಷದೊಳಗಿನ ಮಗುವಿಗೆ ಹಗಲು ಮಲಗಿಸುವಾಗಲೂ ಸೊಳ್ಳೆಪರದೆ ಬೇಕು, ಡೆಂಗಿ ಹರಡುವ ಸೊಳ್ಳೆ ಕಚ್ಚುವುದು ಹಗಲಿನಲ್ಲಿ ಅಲ್ವಾ.

ನೀವು ಆರೋಗ್ಯವಾಗಿದ್ದೀರಿ ಅಂತ ಅಂದುಕೊಂಡು ಕೊನೆಗೆ ಇಟ್ಟೆ. ಆದರೂ ಒಂದು ಮಾತು, ಹೆಣ್ಣುಮಕ್ಕಳು ಇದನ್ನು ಡಾಕ್ಟರ ಹತ್ತಿರ ಹೇಳಲು ಹಿಂಜರಿಯುತ್ತಾರೆ. ಡೆಂಗಿ ಸಮಯದಲ್ಲಿ ಮುಟ್ಟಾಗಿ ಎಂದಿಗಿಂತ ಜಾಸ್ತಿ ಹೋಗುತ್ತಿದ್ದರೆ ಅದೂ ರಕ್ತಸ್ರಾವವೇ. ನಾಚಿಕೆ ಬಿಟ್ಟು ಹೇಳಿ.

ಈಗ ಪ್ಲೇಟ್‌ಲೆಟ್. ನಮ್ಮ ಊರಲ್ಲಿ ಡೆಂಗಿ ಅಂದರೆ ಮನೆಮಂದಿಯೆಲ್ಲ ಆ ಒಂದು ನಂಬರ್ ಹಿಡಿದು ಕೂರುತ್ತಾರೆ. 60 ಸಾವಿರ ಅಂದ ಕೂಡಲೇ ರಕ್ತ ಕೊಡುವವರನ್ನು ಹುಡುಕಿ ಓಡಾಟ, ವಾಟ್ಸಾಪಿನಲ್ಲಿ ಮೆಸೇಜು. ನಿಮ್ಮ ಪ್ರಶ್ನೆಗೆ ನೇರ ಉತ್ತರ: ಅಡ್ಮಿಟ್ ಮಾಡಲು ಪ್ಲೇಟ್‌ಲೆಟ್ ಇಷ್ಟು ಅಂತ ಒಂದು ಗೆರೆ ಇಲ್ಲ. 25 ಸಾವಿರ ಇದ್ದರೂ ಕೂತು ಗಂಜಿ ಉಣ್ಣುವವರಿದ್ದಾರೆ, 90 ಸಾವಿರದಲ್ಲಿ ಶಾಕಿಗೆ ಹೋದವರಿದ್ದಾರೆ. ಸಿಂಗಾಪುರ ಮತ್ತು ಮಲೇಷ್ಯಾದಲ್ಲಿ ಪ್ಲೇಟ್‌ಲೆಟ್ 20 ಸಾವಿರಕ್ಕೆ ಇಳಿದ, ಆದರೆ ರಕ್ತಸ್ರಾವ ಇಲ್ಲದ ದೊಡ್ಡವರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಪ್ಲೇಟ್‌ಲೆಟ್ ಏರಿಸಿ ನೋಡಿದರು. 2017ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಏರಿಸಿದವರಿಗೆ ರಕ್ತಸ್ರಾವವೇನೂ ಕಡಿಮೆಯಾಗಲಿಲ್ಲ, ಅಲರ್ಜಿಯಂಥ ತೊಂದರೆಗಳು ಮಾತ್ರ ಜಾಸ್ತಿ ಆದವು. ಹಾಗಾಗಿ ಡಾಕ್ಟರು ‘ಈಗ ಬೇಡ’ ಅಂದರೆ ಜಗಳ ಮಾಡಬೇಡಿ, ಅವರು ಕಾಳಜಿ ಇಲ್ಲದೆ ಹೇಳುತ್ತಿಲ್ಲ. ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ ಜೊತೆ ಪಿಸಿವಿ ಅಥವಾ ಹೆಮಟೋಕ್ರಿಟ್ ಅಂತ ಇನ್ನೊಂದು ಸಾಲು ಇರುತ್ತದೆ, ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅಂತ ಅದು ಹೇಳುತ್ತದೆ. ನಾನು ಮೊದಲು ನೋಡುವುದು ಅದನ್ನು. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ರಕ್ತ ದಪ್ಪವಾಗುತ್ತಿದೆ, ಸೋರಿಕೆ ಶುರುವಾಗಿದೆ ಅಂತ. ಜ್ವರದ ಮೊದಲ ದಿನಗಳಲ್ಲೇ ಒಂದು ಸಿಬಿಸಿ (ರಕ್ತಕಣಗಳ ಎಣಿಕೆ ಪರೀಕ್ಷೆ) ಮಾಡಿಸಿ ಇಟ್ಟರೆ ಆಮೇಲೆ ಹೋಲಿಸಿ ನೋಡಲು ಸುಲಭ.

ಪಪ್ಪಾಯಿ ಎಲೆ ರಸದ ಬಗ್ಗೆ ನೀವು ಕೇಳಿಲ್ಲ, ಆದರೆ ಕುಡಿಸುತ್ತೀರಿ ಅಂತ ಗೊತ್ತು. ಕಾಯಿಲೆ ಜೋರಾಗದಂತೆ ಅದು ತಡೆಯುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ವಾಂತಿ ಬರುವ ರೋಗಿಗೆ ಆ ಕಹಿ ರಸ ಕುಡಿಸಿದರೆ ವಾಂತಿ ಇನ್ನೂ ಹೆಚ್ಚುತ್ತದೆ, ಇರುವ ನೀರೂ ಹೋಗುತ್ತದೆ. ಅದರ ಬದಲು ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಕೊಡಿ, ಓಆರ್‌ಎಸ್ ಕೊಡಿ, ಮಗನಿಗೆ ಬೊಂಡ ಕೊಡಿ. ಸ್ವಲ್ಪ ಸ್ವಲ್ಪ, ಆಗಾಗ.

ಹಾಗಾದರೆ ಯಾವುದನ್ನು ನೋಡಿ ಓಡಬೇಕು? ಹೊಟ್ಟೆನೋವು, ಅದೂ ಬಿಡದೆ ಕಾಡುವ ನೋವು. ಮತ್ತೆ ಮತ್ತೆ ವಾಂತಿ. ಒಸಡು, ಮೂಗಿನಲ್ಲಿ ರಕ್ತ, ಕಪ್ಪು ಮಲ. ಮಂಪರು, ಇಲ್ಲವೇ ಎಂದೂ ಇಲ್ಲದ ಚಡಪಡಿಕೆ. ಎದ್ದು ನಿಂತರೆ ತಲೆ ತಿರುಗುವುದು, ಉಸಿರಾಡಲು ಕಷ್ಟ. ಇವುಗಳಲ್ಲಿ ಯಾವುದಾದರೂ ಒಂದು ಕಂಡರೆ ಸಾಕು, ರಾತ್ರಿ ಎರಡು ಗಂಟೆಯಾದರೂ ಹೊರಡಿ. ಆಗ ವಯಸ್ಸೆಷ್ಟು, ಎಷ್ಟನೇ ಸಲ, ಪ್ಲೇಟ್‌ಲೆಟ್ ಎಷ್ಟು ಅನ್ನುವುದು ಯಾವುದೂ ಮುಖ್ಯ ಅಲ್ಲ. ಏನೂ ತೊಂದರೆ ಇಲ್ಲದ 25 ವರ್ಷದ ಹುಡುಗನಿಗೂ ಮೊದಲ ಸೋಂಕಿನಲ್ಲೇ ಹೀಗಾಗಬಹುದು.

ಜ್ವರಕ್ಕೆ ಪ್ಯಾರಸಿಟಮಾಲ್ ಒಂದೇ, ಅದೂ ಆರು ಗಂಟೆಗೊಮ್ಮೆ, ಹೇಳಿದಷ್ಟೇ. ಡೆಂಗಿ ಲಿವರನ್ನೂ ಕಾಡುತ್ತದೆ, ಜ್ವರ ಇಳಿಯಲಿಲ್ಲ ಅಂತ ಮೇಲಿಂದ ಮೇಲೆ ನುಂಗಿದರೆ ಲಿವರಿಗೆ ಎರಡೆರಡು ಪೆಟ್ಟು. ಮೆಡಿಕಲಿನಿಂದ ಬ್ರೂಫೆನ್, ಡೈಕ್ಲೋಫೆನಾಕ್ ಥರದ ನೋವಿನ ಮಾತ್ರೆ ತರಬೇಡಿ, ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಬೇಡಿ, ಪ್ಲೇಟ್‌ಲೆಟ್ ಇಳಿದಾಗ ಚುಚ್ಚಿದ ಕಡೆ ರಕ್ತ ಹೆಪ್ಪುಗಟ್ಟಿ ಊದಿಕೊಳ್ಳುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದ ಜ್ವರ ಎಲ್ಲ ಡೆಂಗಿ ಅಲ್ಲ. ಮಂಗಳೂರಿನಲ್ಲಿ ಮಲೇರಿಯಾ ಎಷ್ಟೋ ವರ್ಷದಿಂದ ಬೇರು ಬಿಟ್ಟಿದೆ, ಉಡುಪಿ ಕಡೆ ಗದ್ದೆ ಕೆಲಸದವರಿಗೆ ಇಲಿಜ್ವರ ಬರುತ್ತದೆ. ಮೂರರಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ವ್ಯತ್ಯಾಸ ಏನೆಂದರೆ ಮಲೇರಿಯಾಕ್ಕೂ ಇಲಿಜ್ವರಕ್ಕೂ ಸರಿಯಾದ ಮದ್ದು ಇದೆ, ಡೆಂಗಿ ಅಂತ ತಿಳಿದು ಸುಮ್ನೆ ಕೂತರೆ ಆ ಮದ್ದು ಕೊಡುವ ಸಮಯ ಕೈ ತಪ್ಪುತ್ತದೆ. ಒಬ್ಬರಿಗೇ ಎರಡು ಒಟ್ಟಿಗೆ ಬರುವುದೂ ಉಂಟು. ಆದ್ದರಿಂದ ಎನ್‌ಎಸ್1 ಅನ್ನುವ ಡೆಂಗಿ ಪರೀಕ್ಷೆ ಮಾಡಿಸುವಾಗ ಮಲೇರಿಯಾ ಪರೀಕ್ಷೆಯೂ ಆಗಲಿ. ಎನ್‌ಎಸ್1 ಜ್ವರದ ಮೊದಲ ಐದು ದಿನ ಮಾತ್ರ ಚೆನ್ನಾಗಿ ಹಿಡಿಯುತ್ತದೆ, ಆಮೇಲೆ ಪ್ರತಿಕಾಯ ನೋಡುವ ಐಜಿಎಂ ಪರೀಕ್ಷೆ ಬೇಕು. ಆರನೇ ದಿನದ ಎನ್‌ಎಸ್1 ನೆಗೆಟಿವ್ ಅಂತ ಡೆಂಗಿ ಇಲ್ಲ ಅಂದುಕೊಳ್ಳಬೇಡಿ.

ಮನೆಯ ಸುತ್ತ ಮಾಡಬೇಕಾದ್ದು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ನೀರಿಗೆ ಇಟ್ಟ ಡ್ರಮ್ಮು, ಟೆರೇಸಿನ ಟಾರ್ಪಾಲಿನ ಮಡಿಕೆ, ಗೆರಟೆ, ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ಹಾಲು ಹಿಡಿಯಲು ರಬ್ಬರ್ ಮರಕ್ಕೆ ಕಟ್ಟಿದ ಕಪ್. ವಾರಕ್ಕೊಮ್ಮೆ ಖಾಲಿ ಮಾಡಿ ಉಜ್ಜಿ ತೊಳೆಯಿರಿ, ಬರೀ ನೀರು ಚೆಲ್ಲಿದರೆ ಗೋಡೆಗೆ ಅಂಟಿದ ಮೊಟ್ಟೆ ಒಣಗಿಯೂ ತಿಂಗಳುಗಟ್ಟಲೆ ಬದುಕಿರುತ್ತದೆ. ನಮ್ಮ ಸರ್ಕಾರ 2024ರ ಸೆಪ್ಟೆಂಬರಿನಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ಕಾಯಿಲೆ ಅಂತ ಅಧಿಸೂಚನೆ ಹೊರಡಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡದ ನಿಯಮ ತಂದಿದೆ. ಪಕ್ಕದ ಸೈಟಿನಲ್ಲಿ ನೀರು ನಿಂತಿದ್ದರೆ ದೂರು ಕೊಡಲು ಸಂಕೋಚ ಬೇಡ. ಮನೆಯಲ್ಲಿ ಒಬ್ಬರಿಗೆ ಜ್ವರ ಬಂದರೆ ಅವರನ್ನು ಹಗಲೂ ಪರದೆಯೊಳಗೆ ಮಲಗಿಸಿ, ಅವರನ್ನು ಕಚ್ಚಿದ ಸೊಳ್ಳೆ ಮುಂದೆ ಅತ್ತೆಯನ್ನೂ ಕಚ್ಚಬಹುದು.

ಕೊನೆಗೆ ಹೆಬ್ರಿಯ ವಿಷಯ. ಆಸ್ಪತ್ರೆ ದೂರ ಇರುವುದೂ ಒಂದು ಅಪಾಯವೇ. ಒಬ್ಬರೇ ಇರುವವರು, ಗಾಡಿ ಇಲ್ಲದವರು, ರಾತ್ರಿ ಮಳೆಗೆ ಮರ ಬಿದ್ದರೆ ರಸ್ತೆ ಬಂದಾಗುವ ಕಡೆ ಇರುವವರು, ಇವರನ್ನೆಲ್ಲ ಬೇಗ ಅಡ್ಮಿಟ್ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳೂ ಹೇಳುತ್ತವೆ. ತಮ್ಮನ ಹೆಂಡತಿಗೆ ಜ್ವರ ಬಂದರೆ ಮೊದಲ ದಿನವೇ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಆಗಲಿ. ಡೆಂಗಿ ಅಂತ ಬಂದರೆ ಮನೆಗೆ ವಾಪಸ್ ಕಳಿಸುವುದು ಬೇಡ, ಜ್ವರ ಬಿಡುವ ದಿನ ಬರುವ ಮೊದಲೇ ಉಡುಪಿಗೋ ಮಣಿಪಾಲಕ್ಕೋ ಕರ್ಕೊಂಡು ಬಂದು ಸೇರಿಸಿ. ಯಾರ ಗಾಡಿಯಲ್ಲಿ, ಜೊತೆಗೆ ಯಾರು, ತಾಯಿ ಕಾರ್ಡ್ ಎಲ್ಲಿದೆ, ಅವಳ ಬ್ಲಡ್ ಗ್ರೂಪ್ ಯಾವುದು ಅನ್ನುವುದನ್ನೆಲ್ಲ ಈ ವಾರವೇ ತಮ್ಮನ ಹತ್ತಿರ ಮಾತಾಡಿ ಇಟ್ಟುಕೊಳ್ಳಿ.